ಬಿತ್ತನೆಯ ಕಾಲವೂ ಮುಸುಕಿನ ಜೋಳದ ಹುಳುವೂ



ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಮಳೆಗಾಲದ ಸಂಜೆ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ನಿಂಬೆರಸ ಸವರಿ ಕೊಡುವ ಮುಸುಕಿನ ಜೋಳದ ತೆನೆಯನ್ನು ನಾವೆಲ್ಲರೂ ಬಲ್ಲೆವು. ಆ ಬೆಳೆಗೆ 2018ರಲ್ಲಿ ಹೊಸ ಶತ್ರುವೊಂದು ಬಂದೊದಗಿತು. ಅಮೆರಿಕಾ ಖಂಡದಿಂದ ಹೊರಟು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿದ ಸೈನಿಕ ಹುಳುವು ಭಾರತದಲ್ಲಿ ಮೊದಲು ವರದಿಯಾದುದು ನಮ್ಮ ಶಿವಮೊಗ್ಗದಿಂದಲೇ.

ಇದು ಸುಳಿಯೊಳಗೆ ಅಡಗಿ ತಿನ್ನುವುದರಿಂದ ಔಷಧಿಯು ಸುಲಭವಾಗಿ ತಗಲದು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಪತಂಗವಾಗುವುದಕ್ಕೆ ಸುಮಾರು 30 ದಿನಗಳು ಸಾಕು. ಹುಳುವನ್ನು ಕೊಲ್ಲುವಂತಹ ಹಿಮಗಾಲವೂ ನಮ್ಮಲ್ಲಿಲ್ಲ. ಬಿತ್ತನೆಯ ಕಾಲದ ಮಾತು ಬರುವುದು ಇಲ್ಲಿಯೇ. ಮುಂಗಾರಿನ ಮೊದಲ ಹದಕ್ಕೆ ಊರೆಲ್ಲ ಒಟ್ಟಿಗೆ ಬಿತ್ತಿದರೆ, ಪತಂಗಗಳು ಹೆಚ್ಚುವ ವೇಳೆಗೆ ಪೈರು ಬಲಿತಿರುವುದು. ಒಬ್ಬನು ಜೂನಿನಲ್ಲಿಯೂ ನೆರೆಯವನು ಆಗಸ್ಟಿನಲ್ಲಿಯೂ ಬಿತ್ತಿದರೋ, ಮೊದಲನೆಯ ಹೊಲದಲ್ಲಿ ಹುಟ್ಟಿದ ಪತಂಗಗಳು ಎರಡನೆಯದರ ಎಳೆಯ ಸುಳಿಗೆ ಬಂದೆರಗುವುವು.

ತಡವಾದುದು ಸೋಮಾರಿತನದಿಂದಲೆಂದು ಪಟ್ಟಣದವರಾದ ನಾವು ಹೇಳಿಬಿಡುವುದು ಸುಲಭ. ಆ ನೆರೆಯವನ ಹೊಲಕ್ಕೆ ಮಳೆ ಬಿದ್ದಿರಲಾರದು, ಬೀಜಕ್ಕೆ ಹಣ ಒದಗಿರಲಾರದು. ಅವಸರಪಟ್ಟು ಬಿತ್ತಿದ ಮೇಲೆ ಮಳೆ ನಿಂತರೆ ಬೀಜವೇ ನಷ್ಟ. ಅಂತಹವನು ಪೈರು ಎಳೆಯದಾಗಿರುವಾಗ ವಾರಕ್ಕೆರಡು ಬಾರಿ ಹೊಲವನ್ನು ಸುತ್ತಿ, ಎಲೆಯ ಮೇಲೆ ಗುಂಪಾಗಿರುವ ಮೊಟ್ಟೆಗಳನ್ನು ಕೈಯಿಂದಲೇ ಹಿಸುಕಿಹಾಕಬೇಕು.