ಔಷಧದ ಜೊತೆಗೆ ಪರೀಕ್ಷೆಯ ಖರ್ಚೂ ಇದೆ

(ವೈದ್ಯಕೀಯ ನೆರವು ನಿಧಿ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು. ನಮ್ಮ ನಿಧಿಗೆ ಬರುವ ಅರ್ಜಿಗಳ ಬಿಲ್ಲು ಪರಿಶೀಲಿಸುವುದು ನನ್ನ ಕೆಲಸ. ಒಂದು ಅರ್ಜಿಯಲ್ಲಿ ಒಂದೇ ರಕ್ತಪರೀಕ್ಷೆ ಮೂರು ದಿನ ಸತತವಾಗಿ ಬಂದಿತ್ತು. ತಪ್ಪಿ ಮೂರು ಸಲ ಬರೆದಿದ್ದಾರೆಂದು ಎರಡನ್ನು ಹೊಡೆದುಹಾಕಿದೆ. ವಿಚಾರಿಸಿದಾಗ ತಿಳಿಯಿತು, ತಪ್ಪು ನನ್ನದೇ.

ಆ ಮಗುವಿಗೆ ರಕ್ತದ ಕ್ಯಾನ್ಸರ್. ಕೊಟ್ಟದ್ದು ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್. ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಈ ಔಷಧ ಮೈಯಲ್ಲಿ ಹೆಚ್ಚು ಹೊತ್ತು ಉಳಿದರೆ ಮೂತ್ರಪಿಂಡಕ್ಕೂ ಅಸ್ಥಿಮಜ್ಜೆಗೂ ಅಪಾಯ. ಅದಕ್ಕೇ ಸಾಮಾನ್ಯವಾಗಿ 24, 48, 72 ಗಂಟೆಗಳಿಗೆ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಆ ಅಂಕಿ ನೋಡಿಯೇ ಲ್ಯೂಕೊವೊರಿನ್ ಎಂಬ ರಕ್ಷಕ ಔಷಧವನ್ನು ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುತ್ತಾರೆ. ದಿನದ ಬಾಕಿ ನೋಡದೆ ಖಾತೆ ನಡೆಸಲಾಗದು ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಇಂಥ ಪರೀಕ್ಷೆಗೆ ಈಗ ದೊಡ್ಡ ಯಂತ್ರಗಳಿರುವ ಪ್ರಯೋಗಾಲಯ ಬೇಕು. ಇದನ್ನು ಸುಲಭ ಮಾಡಲು ವಿಜ್ಞಾನಿಗಳು ಡಿಎನ್‌ಎ ಸೆನ್ಸರ್‌ಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ನಮ್ಮ ಮನೆಗಳ ಶುಗರ್ ಮೀಟರ್ ಒಂದು ಹನಿ ರಕ್ತದಿಂದ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುತ್ತದಲ್ಲ, ಇದೂ ಅದೇ ಜಾತಿ. ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧ ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ಹೋಗಿ ಕೂರುತ್ತದೆ. ವಿದ್ಯುದ್ವಾರದ ಮೇಲೆ ಡಿಎನ್‌ಎ ಅಂಟಿಸಿಟ್ಟರೆ, ಔಷಧ ಬಂದು ಕೂತಾಗ ವಿದ್ಯುತ್ತು ಬದಲಾಗುತ್ತದೆ. ಅದರಿಂದ ಪ್ರಮಾಣ ತಿಳಿಯುತ್ತದೆ. ಆದರೆ ರಕ್ತ, ಮೂತ್ರಗಳಲ್ಲಿರುವ ಯೂರಿಕ್ ಆಮ್ಲದಂಥ ವಸ್ತುಗಳೂ ಸಂಕೇತ ಕೊಟ್ಟು ಗೊಂದಲ ಮಾಡುತ್ತವೆ. ಹಾಗಾಗಿ ಇವು ಬಹುಪಾಲು ಸಂಶೋಧನೆಯ ಹಂತದಲ್ಲೇ ಇವೆ.

ಅಲ್ಲಿಯವರೆಗೆ ನಮ್ಮ ಮಕ್ಕಳು ಕಾಯುವಂತಿಲ್ಲ. ಇದೇ ಚೆನ್ನೈನಲ್ಲಿ 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯನ್ನು ಬರೀ 12 ಹಾಸಿಗೆಗಳಿಂದ ಆರಂಭಿಸಿದರು. ಅದಕ್ಕೂ ಜನರ ದೇಣಿಗೆ ಆಸರೆಯಾಗಿತ್ತು.

ನನ್ನ ಕೋರಿಕೆ ಒಂದೇ. ನಮ್ಮ ದಾನಿಗಳಲ್ಲಿ ಹಲವರು ಚೆಕ್ಕಿನ ಜೊತೆ "ಔಷಧಕ್ಕೆ ಮಾತ್ರ" ಎಂದು ಚೀಟಿ ಇಡುತ್ತಾರೆ. ದಯವಿಟ್ಟು ಇನ್ನು ಮುಂದೆ "ಔಷಧಕ್ಕೆ ಮತ್ತು ಪರೀಕ್ಷೆಗೆ" ಎಂದು ಬರೆಯಿರಿ. ನಾನು ಹೊಡೆದುಹಾಕಿದ್ದ ಆ ಎರಡು ಸಾಲುಗಳ ಹಣವನ್ನು ಸಮಿತಿ ಮರುದಿನವೇ ಮಂಜೂರು ಮಾಡಿತು. ಮುಂದಿನ ಅರ್ಜಿಗೂ ಹಾಗೆಯೇ ಮಾಡಲು ನಿಧಿಯಲ್ಲಿ ಹಣವಿರಬೇಕು.