ಓದುವ ಮಕ್ಕಳಿಗೆ ಪಗಾರದ ಕಾಯಕ

(ಗೋಕಾಕದಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಕಾಯಕದ ಬಗ್ಗೆ ಮಾತಾಡಬೇಕೆಂದು ಅಪ್ಪಗಳವರು ಅಪ್ಪಣೆ ಮಾಡಿದಾಗ ನಾನೊಂದು ಬಿನ್ನಹ ಮಾಡಿಕೊಂಡೆ. ಹನ್ನೆರಡನೆಯ ಶತಮಾನದ ಕಾಯಕದ ಬಗ್ಗೆ ಹೇಳಲು ವಿದ್ವಾಂಸರಿದ್ದಾರೆ. ನಾನು ಕಾಲುವೆ, ಗೇಟು, ಮಸ್ಟರ್ ರೋಲು ನೋಡಿಕೊಂಡು ಸರ್ಕಾರಿ ಸೇವೆಯಿಂದ ನಿವೃತ್ತನಾದವನು. ಓದುವ ಮಕ್ಕಳು ತಮ್ಮ ಕಾಲೇಜಿನ ಆವರಣದಲ್ಲಿಯೇ ದಿನಕ್ಕೆ ಎರಡು ತಾಸು ದುಡಿದು ಪಗಾರ ಪಡೆಯುವ ವಿಷಯವೊಂದನ್ನೇ ಹೇಳುತ್ತೇನೆ ಎಂದೆ. ಅಪ್ಪಗಳವರು ಒಪ್ಪಿದರು.

ನಮ್ಮ ಪರಿಚಯದ ಹುಕ್ಕೇರಿ ತಾಲ್ಲೂಕಿನ ರೈತರೊಬ್ಬರ ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಓದಲು ಅಮೆರಿಕೆಗೆ ಹೋಗಿದ್ದಾನೆ. ಹೊಲದ ಕಾಗದಗಳು ಬ್ಯಾಂಕಿನಲ್ಲಿವೆ. ಕೆಲ ತಿಂಗಳ ಹಿಂದೆ ಆ ತಂದೆ ನಮ್ಮ ಮನೆಗೆ ಬಂದವರು ದನಿ ತಗ್ಗಿಸಿ ಹೇಳಿದರು: "ಸಾಹೇಬ್ರ, ನಮ್ಮ ಹುಡುಗ ಅಲ್ಲಿ ಕಾಲೇಜಿನ ಊಟದ ಮನ್ಯಾಗ ಭಾಂಡೆ ತಿಕ್ಕಾಕತ್ತಾನಂತ್ರಿ. ಅವರವ್ವಗ ಫೋನಿನ್ಯಾಗ ಹೇಳ್ಯಾನ. ಆಕಿ ಎರಡು ದಿನ ಊಟ ಬಿಟ್ಟಿದ್ದಳು. ಊರಾಗ ಯಾರ ಮುಂದೂ ಹೇಳಬ್ಯಾಡ್ರಿ."

"ಪಗಾರ ಕೊಡ್ತಾರೋ ಇಲ್ಲೋ?" ಎಂದೆ.

"ಕೊಡ್ತಾರ್ರಿ, ತಾಸಿನ ಲೆಕ್ಕದಾಗ."

"ಓದು?"

"ಪಾಸಾಗ್ಯಾನ್ರಿ. ಚೊಲೊ ಮಾರ್ಕ್ಸ್ ಬಿದ್ದಾವ."

"ಹಂಗಾದ್ರ ಅಳೂದು ಯಾಕ, ಯಜಮಾನ್ರ?"

ಅವರು ಉತ್ತರ ಕೊಡಲಿಲ್ಲ. ಅವರ ಕೊರಳಲ್ಲಿ ಇಷ್ಟಲಿಂಗವಿತ್ತು.

ಆ ಮನೆಯನ್ನಷ್ಟೇ ಬೊಟ್ಟು ಮಾಡಿ ಪ್ರಯೋಜನವಿಲ್ಲ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಮಗ ಅಮೆರಿಕೆಯಲ್ಲಿದ್ದಾನೆಂದು ಹೇಳುವ ಮನೆಗಳಿವೆ, ಅಲ್ಲಿ ಏನು ದುಡಿಯುತ್ತಾನೆಂದು ಹೇಳುವವರು ಕಡಿಮೆ. ಹೋಗುವ ಮಕ್ಕಳಿಗೂ ಆ ವ್ಯವಸ್ಥೆ ಸರಿಯಾಗಿ ಗೊತ್ತಿರುವುದಿಲ್ಲ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಬಡತನ ನಿವಾರಣೆಗೆ ತಂದ ಕಾಯ್ದೆಯಲ್ಲಿ 'ವರ್ಕ್-ಸ್ಟಡಿ' ಎಂಬ ಯೋಜನೆ ಹುಟ್ಟಿತು. ಬಡ ವಿದ್ಯಾರ್ಥಿಗೆ ಕೆಲಸ ಬಹುಮಟ್ಟಿಗೆ ಕಾಲೇಜಿನಲ್ಲಿಯೇ. ಪಗಾರದ ದೊಡ್ಡ ಪಾಲು ಕೇಂದ್ರ ಸರ್ಕಾರದ್ದು, ಉಳಿದದ್ದು ಕೆಲಸ ಕೊಟ್ಟವರದು. ದುಡಿದ ತಾಸಿಗೆ ಮಾತ್ರ ರೊಕ್ಕ. ಆದರೆ ಈ ಸರ್ಕಾರಿ ನೆರವು ಅಲ್ಲಿಯ ನಾಗರಿಕರಿಗೆ, ಕಾಯಂ ನಿವಾಸಿಗಳಂಥವರಿಗೆ ಇರುವುದು. ಎಫ್-1 ವೀಸಾದ ಮೇಲೆ ಹೋದ ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಕೆಲವು ಏಜೆಂಟರು ಈ ಎರಡನ್ನೂ ಕಲಸಿ ಹೇಳಿ ತಂದೆ-ತಾಯಿಗಳ ತಲೆ ತಿರುಗಿಸುತ್ತಾರೆ, ಹುಷಾರಾಗಿರಿ. ನಮ್ಮ ಮಕ್ಕಳಿಗೆ ಇರುವ ದಾರಿ ಬೇರೆ. ಕಾಲೇಜು ತನ್ನ ರೊಕ್ಕದಿಂದ ಕೊಡುವ ಕೆಲಸವನ್ನು ಆವರಣದೊಳಗೆ ಮಾಡಬಹುದು. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ತಾಸು ಮೀರುವಂತಿಲ್ಲ. ಎರಡು ಕಡೆ ದುಡಿದರೂ ಕೂಡಿಸಿ 20. ರಜೆಯಲ್ಲಿ ಹೆಚ್ಚು ಮಾಡಬಹುದು. ಪರವಾನಗಿ ಇಲ್ಲದೆ ಹೊರಗಿನ ಪೆಟ್ರೋಲ್ ಪಂಪಿನಲ್ಲಿ, ಹೋಟೆಲಿನಲ್ಲಿ ಕೈಗೆ ರೊಕ್ಕ ಇಸಿದುಕೊಂಡು ದುಡಿದರೆ ವೀಸಾಕ್ಕೇ ಕುತ್ತು.

ಕೆಲಸ ಹುಡುಕುವುದನ್ನು ಹೋದ ಮೊದಲ ವಾರವೇ ಶುರು ಮಾಡಬೇಕು. ಗ್ರಂಥಾಲಯ, ಊಟದ ಮನೆ, ಕಂಪ್ಯೂಟರ್ ಲ್ಯಾಬು, ವಿಭಾಗದ ಕಚೇರಿ, ಇವುಗಳ ಬಾಗಿಲಿಗೆ ಖುದ್ದಾಗಿ ಹೋಗಿ ಕೇಳಬೇಕು. ಹೊಸಬರನ್ನು ಬೇಗ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಊಟದ ಮನೆಯೇ. ಪ್ರಾಧ್ಯಾಪಕರ ಕೈಕೆಳಗಿನ ಕೆಲಸ, ಉತ್ತರಪತ್ರಿಕೆ ತಿದ್ದುವುದು ಮುಂತಾದವು, ನಿಮ್ಮ ಓದು ಅವರಿಗೆ ಗೊತ್ತಾದ ಮೇಲಿನ ಮಾತು. ಕೆಲಸದ ಪತ್ರ ಕೈಗೆ ಬಂದ ಮೇಲೆ ಅದನ್ನು ತೋರಿಸಿ ಸೋಶಿಯಲ್ ಸೆಕ್ಯುರಿಟಿ ನಂಬರಿಗೆ ಅರ್ಜಿ ಹಾಕಬೇಕು. ಅಲ್ಲಿಯ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ತಾಸಿಗೆ ಏಳೂಕಾಲು ಡಾಲರ್. ಹಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿದೆ. ಕನಿಷ್ಠ ಕೂಲಿಯಲ್ಲಿ 20 ತಾಸಿಗೆ ವಾರಕ್ಕೆ 145 ಡಾಲರ್ ಆಯಿತು. ಊಟಕ್ಕೆ, ಬಾಡಿಗೆಗೆ ಆಸರೆಯಾದೀತು, ಫೀಗೆ ಸಾಲದು. ತಂದೆ-ತಾಯಿಗಳು ಈ ಪಗಾರವನ್ನು ನಂಬಿ ಸಾಲದ ಲೆಕ್ಕ ಹಾಕಬಾರದು.

ಸಿಕ್ಕ ಕೆಲಸವನ್ನು ಓದಿನ ಜೊತೆ ತೂಗಿಸಿಕೊಂಡು ಹೋಗುವುದು ಇನ್ನೂ ಕಠಿಣ. ಮೊದಲ ಸೆಮಿಸ್ಟರಿನಲ್ಲಿ 20 ತಾಸಿಗೆ ಆಸೆಪಡದೆ 10ಕ್ಕೆ ನಿಲ್ಲಬೇಕು. ಪರೀಕ್ಷೆಯ ದಿನಾಂಕ ತಿಳಿದ ಕೂಡಲೇ ಮೇಲ್ವಿಚಾರಕರಿಗೆ ಹೇಳಿ ಪಾಳಿ ಬದಲಿಸಿಕೊಳ್ಳಬೇಕು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದವರ ಮನೆಯ ಮಕ್ಕಳಿಗೆ ಪಾಳಿ ಎಂದರೇನೆಂದು ನಾನು ಹೇಳಬೇಕಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ನಿದ್ದೆ ಬೇಕು. ನಿದ್ದೆಗೆಟ್ಟು ತರಗತಿಯಲ್ಲಿ ತೂಕಡಿಸುವವನು ಆ ಹೊತ್ತಿಗೆ ಕೊಟ್ಟ ಫೀ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡಲಿ.

ಅಲ್ಲಿ ದುಡಿದ ತಾಸುಗಳನ್ನು ವಿದ್ಯಾರ್ಥಿಯೇ ದಾಖಲಿಸುತ್ತಾನೆ, ಮೇಲ್ವಿಚಾರಕರು ನೋಡಿ ಒಪ್ಪಿಗೆ ಕೊಡುತ್ತಾರೆ. ಇದನ್ನು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮ ತಾಯಿಯ ನೆನಪಾಯಿತು. ಮಾರಯ್ಯ ಶರಣರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಇದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಆ ತಾಯಿ ತಿರುಗಿ ಕಳಿಸಿದಳು. ಮಾಡದ ಅರ್ಧ ತಾಸನ್ನು ಮಾಡಿದೆನೆಂದು ಬರೆಯುವುದು ಅದೇ ಹೆಚ್ಚಿನ ಅಕ್ಕಿ. ಮಸ್ಟರ್ ರೋಲಿನಲ್ಲಿ ಇಲ್ಲದ ಕೂಲಿಯವನ ಹೆಸರು ಬರೆಯುವ ಕಲೆ ನಮ್ಮ ನಾಡಿನಲ್ಲಿ ಎಷ್ಟು ಬೆಳೆದಿದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಇಪ್ಪತ್ತನೆಯ ವಯಸ್ಸಿಗೆ ತನ್ನ ತಾಸನ್ನು ತಾನೇ ಸತ್ಯವಾಗಿ ಬರೆಯಲು ಕಲಿತ ಹುಡುಗ ಮುಂದೆ ಇಂಜಿನಿಯರನಾಗಿ ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆಯುವಾಗ ಅವನ ಕೈ ಬೇರೆಯಾಗಿಯೇ ಇರುತ್ತದೆ.

ಅಮೆರಿಕೆಯ ಮಾತು ಸಾಕು. ನಮ್ಮ ಗೋಕಾಕಕ್ಕೆ ಬರೋಣ.

ಇಲ್ಲಿಯ ಮಕ್ಕಳು ದುಡಿಯುವುದಿಲ್ಲವೆಂದು ಯಾರು ಹೇಳುತ್ತಾರೆ? ಹಬ್ಬದ ದಿನಗಳಲ್ಲಿ ಕರದಂಟಿನ ಅಂಗಡಿಯ ಒಳಕೋಣೆಗೆ ಹೋಗಿ ನೋಡಿರಿ, ಡಬ್ಬಿ ತುಂಬುವವರಲ್ಲಿ ಬಿ.ಕಾಂ. ಹುಡುಗರು ಇದ್ದಾರೆ. ಕಡೆಯ ಬಸ್ಸು ತಪ್ಪಿದರೆ ಬಸ್ ಸ್ಟ್ಯಾಂಡಿನಲ್ಲೇ ರಾತ್ರಿ. ಮೂಡಲಗಿಯಲ್ಲಿ ನನಗೆ ಗೊತ್ತಿರುವ ಒಬ್ಬ ಮಗಳು ಬಿ.ಎಸ್ಸಿ. ಓದುತ್ತ ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ನಿಲ್ಲುತ್ತಾಳೆ, ರಾತ್ರಿ ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ. ಯಾವ ಹಾಜರಿ ಪುಸ್ತಕದಲ್ಲಿಯೂ ಅವರ ಹೆಸರಿಲ್ಲ. ಪರೀಕ್ಷೆ ಇದೆ ಎಂದರೆ ಮರುದಿನ ಬೇರೆಯವರು ಬಂದು ನಿಂತಿರುತ್ತಾರೆ. ಇತ್ತ ಕಾಲೇಜುಗಳ ಕಡೆ ನೋಡಿದರೆ, ಆಳಿಲ್ಲವೆಂದು ಗ್ರಂಥಾಲಯಕ್ಕೆ ಸಂಜೆ ಐದಕ್ಕೇ ಕೀಲಿ ಬೀಳುತ್ತದೆ. ಕಂಪ್ಯೂಟರ್ ಲ್ಯಾಬಿನ ಯಂತ್ರಗಳ ಮೇಲೆ ಧೂಳು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಾರದೆ ಮೊದಲ ವರ್ಷದ ಮಕ್ಕಳು ಸೈಬರ್ ಅಂಗಡಿಗೆ ರೊಕ್ಕ ಸುರಿಯುತ್ತಾರೆ. ಕೆಲಸ ಬೇಕಾದವರು, ಮಾಡಿಸಬೇಕಾದ ಕೆಲಸ, ಎರಡೂ ಒಂದೇ ಗೋಡೆಯೊಳಗಿವೆ.

ನಮ್ಮ ಮಠಗಳು ಈ ನಾಡಿನ ಮಕ್ಕಳಿಗೆ ಅನ್ನ ಕೊಟ್ಟ ಕಥೆ ದೊಡ್ಡದು. ಧಾರವಾಡ ಮುರುಘಾಮಠದ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು, ತುಮಕೂರು ಕಡೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು, ಇವರು ನಡೆಸಿದ ಪ್ರಸಾದ ನಿಲಯಗಳು ಇಲ್ಲದಿದ್ದರೆ ಎಷ್ಟು ಹಳ್ಳಿಯ ಹುಡುಗರು ಸಾಲಿ ಬಿಟ್ಟು ಎತ್ತಿನ ಹಿಂದೆ ಹೋಗುತ್ತಿದ್ದರೋ. ಆ ಅನ್ನದ ಋಣದವರು ಈ ಸಭೆಯಲ್ಲಿಯೂ ಕುಳಿತಿದ್ದೀರಿ. ಆದರೆ ದಾಸೋಹ ಕಾಯಕದಿಂದ ಹುಟ್ಟಬೇಕಾದದ್ದು. ದುಡಿಯದವನು ಏನನ್ನು ದಾಸೋಹ ಮಾಡಿಯಾನು? ಉಣ್ಣುವುದನ್ನಷ್ಟೇ ಕೊಟ್ಟು ದುಡಿಯುವ ಅವಕಾಶ ಕೊಡದಿದ್ದರೆ ಆ ಹುಡುಗನಿಗೆ ದಾಸೋಹದ ದಾರಿಯನ್ನೇ ಮುಚ್ಚಿದಂತೆ. ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಕೊಲ್ಹಾಪುರ ದಾಟಿ ಹೋದರೆ ಸಾತಾರಾ ಸಿಗುತ್ತದೆ. ಅಲ್ಲಿ ಕರ್ಮವೀರ ಭಾವುರಾವ ಪಾಟೀಲರು ಇದನ್ನು ಮಾಡಿ ತೋರಿಸಿದರು. ಹುಟ್ಟಿನಿಂದ ಜೈನರು, ನಮ್ಮ ಗಡಿಗೆ ದೂರವಿಲ್ಲದ ಕುಂಭೋಜದವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರಾದಲ್ಲಿ ತೆರೆದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಕೂಡಿ ಉಣ್ಣುತ್ತಿದ್ದರು, ಕೂಡಿ ದುಡಿಯುತ್ತಿದ್ದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದರು. ಬೋರ್ಡಿಂಗಿನ ಖರ್ಚಿಗೆ ರೊಕ್ಕವಿಲ್ಲದಾಗ ಭಾವುರಾವರ ಪತ್ನಿ ಲಕ್ಷ್ಮೀಬಾಯಿ ತಮ್ಮ ಮೈಮೇಲಿನ ಬಂಗಾರ ಕೊಟ್ಟರು. 1947ರಲ್ಲಿ ಕಾಲೇಜು ತೆರೆದಾಗಲೂ ದುಡಿದು ಓದುವ ಪದ್ಧತಿಯನ್ನು ಬಿಡಲಿಲ್ಲ. ಮರಾಠಿಯಲ್ಲಿ ಅದಕ್ಕೆ 'ಕಮವಾ ವ ಶಿಕಾ' ಎನ್ನುತ್ತಾರೆ, ಗಳಿಸು, ಕಲಿ ಎಂದು. ಕಾಯಕದ ಹೆಸರು ಹೇಳಿಕೊಳ್ಳುವವರು ನಾವು. ಮಾಡಿದವರು ಅವರು.

ಇಷ್ಟು ಹೇಳಿದಾಗ ಒಬ್ಬ ಹಿರಿಯರು ನನ್ನನ್ನು ಕೇಳಿದರು, "ಮಠದಾಗ ಮಾಡಿದ್ದಕ್ಕ ಪಗಾರ ಕೇಳೂದೇನ್ರಿ? ಅದು ಸೇವಾ ಅಲ್ಲೇನು?" ಪ್ರಶ್ನೆ ನ್ಯಾಯವಾದದ್ದು. ಪ್ರಸಾದ ನಿಲಯದಲ್ಲಿ ಪಾಳಿಯಂತೆ ಕಸ ಗುಡಿಸುವುದು, ಪಂಕ್ತಿಗೆ ಬಡಿಸುವುದು ಮನೆಯ ಕೆಲಸವಿದ್ದಂತೆ, ಅದಕ್ಕೆ ಯಾರೂ ಪಗಾರ ಕೇಳಬಾರದು. ಆದರೆ ಸಂಸ್ಥೆಯು ಬೇರೆಯವರನ್ನು ನೇಮಿಸಿ ರೊಕ್ಕ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಹುಡುಗನಿಂದ ಮಾಡಿಸಿದರೆ ಪಗಾರ ಕೊಡಲೇಬೇಕು. ವಾರ್ಡನ್ನರ ಮನೆಗೆ ತರಕಾರಿ ತರುವುದು, ಅವರ ಗಾಡಿ ತೊಳೆಯುವುದು, ಇವು ಸೇವೆಯೂ ಅಲ್ಲ, ಕಾಯಕವೂ ಅಲ್ಲ. ಅದಕ್ಕೆ ಬಿಟ್ಟಿ ಚಾಕರಿ ಎನ್ನುತ್ತಾರೆ. ಬಡಹುಡುಗ ಬೇಡವೆನ್ನಲಾರ ಎಂಬುದು ಗೊತ್ತಿದ್ದೇ ಹೇಳುವ ಕೆಲಸವದು.

ಮತ್ತೊಂದು ಮಾತು, ಕೆಲವರಿಗೆ ಕಹಿಯಾದೀತು. ಕಸಬರಿಗೆ ಯಾರ ಕೈಗೆ, ಗ್ರಂಥಾಲಯದ ಕುರ್ಚಿ ಯಾರಿಗೆ ಎಂಬುದನ್ನು ಹುಡುಗನ ಅಡ್ಡಹೆಸರು ನೋಡಿ ಹಂಚಿದರೆ ಈ ಯೋಜನೆ ಹುಟ್ಟದಿರುವುದೇ ಲೇಸು. ಪಾಳಿಯ ಪಟ್ಟಿ ಗೋಡೆಯ ಮೇಲೆ ಇರಬೇಕು, ತಿಂಗಳಿಗೊಮ್ಮೆ ತಿರುಗಬೇಕು. ಹೆಣ್ಣುಮಕ್ಕಳಿಗೂ ಅದೇ ಪಟ್ಟಿ, ಅದೇ ಕೂಲಿ. ಅವರ ವಸತಿ ನಿಲಯದ ಬಾಗಿಲು ಮುಚ್ಚುವ ಹೊತ್ತನ್ನು ನೋಡಿ ಪಾಳಿ ಹಾಕುವುದು ಆಡಳಿತ ಮಂಡಳಿಯ ಜವಾಬ್ದಾರಿ, ಅದನ್ನೇ ನೆಪ ಮಾಡಿ ಅವರನ್ನು ಬಿಡಬಾರದು. 18 ತುಂಬದ ಮಕ್ಕಳನ್ನು ಇದಕ್ಕೆ ಸೇರಿಸಲೇಬಾರದು.

ಖರ್ಚು ಎಷ್ಟಾದೀತು? ನನ್ನ ಲೆಕ್ಕ ಹೀಗಿದೆ. ಒಂದು ಕಾಲೇಜಿನಲ್ಲಿ 10 ಜನ, ಪ್ರತಿಯೊಬ್ಬರಿಗೆ ವಾರಕ್ಕೆ 10 ತಾಸು, ತಿಂಗಳಿಗೆ 40. ತಾಸಿಗೆ 75 ರೂಪಾಯಿ ಹಿಡಿದರೆ ಒಬ್ಬರಿಗೆ 3,000, ಹತ್ತು ಜನಕ್ಕೆ 30,000. ವರ್ಷದಲ್ಲಿ 10 ತಿಂಗಳಿಗೆ ಮೂರು ಲಕ್ಷ. ಎಲ್ಲಿಂದ ತರೋಣ ಎನ್ನುವಿರಿ. ಜಾತ್ರೆಯಲ್ಲಿ, ಪುಢಾರಿಗಳು ಬಂದಾಗ, ಜೆಸಿಬಿಗೆ ತೂಗುಹಾಕಿ ಸೇಬಿನ ಹಾರ ಹಾಕುತ್ತೇವಲ್ಲ, ಪಟಾಕಿ ಹಾರಿಸುತ್ತೇವಲ್ಲ, ಅಲ್ಲಿಂದ ತರೋಣ. ಹಳೆಯ ವಿದ್ಯಾರ್ಥಿಗಳಲ್ಲಿ ಪ್ರಸಾದ ನಿಲಯದಲ್ಲಿ ಉಂಡು ಹೋದ ಇಂಜಿನಿಯರರು, ಡಾಕ್ಟರರು ಇದ್ದಾರೆ. ವರ್ಷಕ್ಕೆ ಒಬ್ಬ ಹುಡುಗನ 30,000 ಹೊರುವ ಹತ್ತು ಜನ ಸಿಗುವುದಿಲ್ಲವೇ?

ತಾಸು ಎಣಿಸುವುದು ನಮ್ಮ ಕಾಲೇಜುಗಳಿಗೆ ಹೊಸದಲ್ಲ. 1969ರಿಂದ ಇರುವ ಎನ್.ಎಸ್.ಎಸ್.ನಲ್ಲಿ ಎರಡು ವರ್ಷಕ್ಕೆ 240 ತಾಸಿನ ಲೆಕ್ಕ ಇಡುತ್ತಾರೆ. ಅದೇ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇಟ್ಟರಾಯಿತು, ಒಂದು ಕಲಂ ಹೆಚ್ಚು, ಪಗಾರದ್ದು. ಪಗಾರ ಹುಡುಗನ ಬ್ಯಾಂಕ್ ಖಾತೆಗೇ ಹೋಗಬೇಕು, ಯಾರ ಕೈಯಲ್ಲೂ ಲಕೋಟೆಯಾಗಿ ಅಲ್ಲ. ಪರೀಕ್ಷೆಯ ತಿಂಗಳು ತಾಸು ಇಳಿಸಬೇಕು, ಹಾಜರಿ ಕುಸಿದವನನ್ನು ಕರೆದು ಮಾತಾಡಿಸಬೇಕು.

ಹಾಜರಿ ಪುಸ್ತಕದ ನಮೂನೆಯನ್ನು ನಾನೇ ಗೆರೆ ಹೊಡೆದು ತಂದಿದ್ದೇನೆ. ಅರ್ಜಿಯ ನಮೂನೆಯೂ ಇದೆ, ಒಂದೇ ಪುಟದ್ದು. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳ ಆಡಳಿತ ಮಂಡಳಿಯವರು ಇಲ್ಲಿ ಇದ್ದೀರಿ. ಮೊದಲ ವರ್ಷ ಮೂರೂ ಕಡೆಯ ಲೆಕ್ಕ ನಾನು ಬರೆದುಕೊಡುತ್ತೇನೆ, ನನಗೆ ಪೆನ್ಶನ್ ಬರುತ್ತದೆ, ಏನೂ ಕೊಡಬೇಕಾಗಿಲ್ಲ. ಪ್ರಸಾದ ಮುಗಿಸಿಕೊಂಡು ಆ ಎಡಗಡೆಯ ಕೋಣೆಗೆ ಬನ್ನಿರಿ. ಅಮೆರಿಕೆಗೆ ಹೊರಟ ಮಕ್ಕಳಿದ್ದರೆ ಅವರೂ ತಂದೆ-ತಾಯಿಯನ್ನು ಕರೆದುಕೊಂಡೇ ಬರಲಿ.