ಎಂಬಿಬಿಎಸ್‌ಗೆ ಸೇರುವ ಮೊದಲೇ ಓದಿಕೊಂಡು ಹೋಗಬೇಕೆ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಹಿಂದೆ ಟ್ರಸ್ಟಿನ ನೆರವು ಪಡೆದಿದ್ದ ವೈದ್ಯರೊಬ್ಬರು ಮಾಡಿದ ಭಾಷಣ)





ಈ ಸಲ ವೈದ್ಯಕೀಯ ಸೀಟು ಪಡೆದ ಮಕ್ಕಳು ಸಭೆ ಶುರುವಾಗುವ ಮೊದಲು ನನ್ನನ್ನು ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಕ್ಲಾಸು ಶುರುವಾಗಲು ಇನ್ನೂ ದಿನಗಳಿವೆ. ಅನಾಟಮಿ ಈಗಲೇ ಓದಲೇ?" ಒಬ್ಬ ತಂದೆಯಂತೂ ಪುಸ್ತಕಗಳ ಪಟ್ಟಿಯನ್ನೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದಾರೆ. ನಾನು ಬರೆದು ತಂದ ಮಾತು ಬೇರೆ ಇತ್ತು. ಅದು ಹಾಗಿರಲಿ, ಇದಕ್ಕೇ ಉತ್ತರ ಹೇಳುತ್ತೇನೆ.

2009ರಲ್ಲಿ ನಾನೂ ಮೊದಲೇ ಓದಿದವನು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ನಮ್ಮ ಅಬ್ಬಾ, ಮಾಲೀಕರಿಂದ ಮುಂಗಡ ಪಡೆದು ಚೌರಾಸಿಯಾ ಅವರ ಅನಾಟಮಿಯ ಮೂರೂ ಸಂಪುಟ ಕೊಡಿಸಿದರು. ಸಂಜೆ ಒಂದು ಗಂಟೆ ಭಟ್ಟಿಗೆ ಬಂದು ಲೆಕ್ಕ ಬರೆದುಕೊಡು ಎಂದರೆ "ಓದುವುದಿದೆ" ಎಂದುಬಿಡುತ್ತಿದ್ದೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ. ಅರ್ಥವಾಗದ ಪುಟಗಳನ್ನು ಬಾಯಿಪಾಠ ಮಾಡಿದೆ.

ಕಾಲೇಜಿನಲ್ಲಿ ಮೊದಲ ಮೌಖಿಕ ಪರೀಕ್ಷೆ ಬಂತು. ನನ್ನ ಕೈಗೆ ಕ್ಲಾವಿಕಲ್, ಅಂದರೆ ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಎಲುಬನ್ನು ಕೊಟ್ಟರು. ಗರ್ಭದಲ್ಲಿ ಮೊದಲು ಗಟ್ಟಿಯಾಗಲು ಶುರುವಾಗುವ ಎಲುಬು ಅದೇ ಎಂದು ನನಗೆ ಗೊತ್ತು. ಯಾವ ಯಾವ ಸ್ನಾಯು ಅದಕ್ಕೆ ಅಂಟಿಕೊಂಡಿದೆ ಎಂಬುದೂ ಗೊತ್ತು. ಅವರು ಕೇಳಿದ್ದು ಇಷ್ಟೇ: "ಇದು ಎಡದ್ದೋ, ಬಲದ್ದೋ?" ನಾನು ಎಲುಬನ್ನು ತಿರುಗಿಸುತ್ತಾ ನಿಂತೆ. ಮುಂದಿನ ಪ್ರಶ್ನೆ ಬರಲೇ ಇಲ್ಲ. ಆ ಇಂಟರ್ನಲ್‌ನಲ್ಲಿ ಫೇಲಾದೆ, ಮನೆಯಲ್ಲಿ ಹೇಳಲಿಲ್ಲ. ಊರಿಗೆ ವಾಪಸ್ಸು ಹೋಗಿಬಿಡೋಣ ಎಂದು ಬ್ಯಾಗು ಕಟ್ಟಿದ್ದೂ ಉಂಟು.

ಹಾಸ್ಟೆಲ್‌ನ ಸೀನಿಯರ್ ಒಬ್ಬರು ಅದೇ ಎಲುಬನ್ನು ನನ್ನ ಹೆಗಲ ಮೇಲಿಟ್ಟು ತೋರಿಸಿದರು. ಚಪ್ಪಟೆ ತುದಿ ಭುಜದ ಕಡೆಗೆ, ದಪ್ಪ ತುದಿ ಎದೆಯ ಕಡೆಗೆ, ತೋಡು ಇರುವ ಮುಖ ಕೆಳಕ್ಕೆ. ಹತ್ತು ನಿಮಿಷದ ಕೆಲಸ. ಎರಡು ತಿಂಗಳ ಓದು ಕೊಡದಿದ್ದನ್ನು ಅದು ಕೊಟ್ಟಿತು. ಕಂಕುಳಿನ ನರಗಳ ಜಾಲವೂ ಹಾಗೆಯೇ. ಪುಸ್ತಕದಲ್ಲಿ ರೈಲ್ವೆ ನಕ್ಷೆಯಂತೆ ಕಂಡದ್ದು, ಡಿಸೆಕ್ಷನ್ ಟೇಬಲ್ಲಿನ ಮುಂದೆ ನಿಂತಾಗಲೇ ತಿಳಿಯಿತು.

ಆದ್ದರಿಂದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಪುಸ್ತಕಗಳನ್ನು ಈಗ ಕೊಳ್ಳಬೇಡಿ. ಕಾಲೇಜಿನಲ್ಲಿ ಯಾವುದನ್ನು ಓದಿಸುತ್ತಾರೋ ನೋಡಿ, ಆಮೇಲೆ ಸೀನಿಯರ್‌ಗಳಿಂದ ಹಳೆಯ ಪ್ರತಿ ಪಡೆಯಿರಿ. ದುಡ್ಡು ತೆಗೆದುಕೊಂಡು ಮುಂಚಿತವಾಗಿ ಪಾಠ ಹೇಳುವವರಿಗೂ ಈ ಟ್ರಸ್ಟಿನ ಹಣ ಹೋಗುವುದು ಬೇಡ. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ ಎಂಬ ನಿಯಮ ಈಗ ಇರುವುದರಿಂದ ತಂದೆ ತಾಯಂದಿರಿಗೆ ಭಯವಿದೆ, ಅದು ಸಹಜ. ಆದರೆ ಮಕ್ಕಳು ಸೋಲುವುದು ಮೊದಲೇ ಓದದೆ ಹೋದದ್ದಕ್ಕಲ್ಲ. ನಾನು ನೋಡಿದ ಮಟ್ಟಿಗೆ, ಅರ್ಥವಾಗಲಿಲ್ಲ ಎಂದು ಹೇಳಲು ನಾಚಿ ಮೂರು ತಿಂಗಳು ಸುಮ್ಮನೆ ಕೂತದ್ದಕ್ಕೆ.

ಕನ್ನಡ, ಉರ್ದು ಮಾಧ್ಯಮದಿಂದ ಬಂದವರಿಗೆ ಮಾತ್ರ ಒಂದು ಕೆಲಸ ಹೇಳುತ್ತೇನೆ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪಾಠಗಳನ್ನು ಕಿವಿಯಿಂದ ಕೇಳಿ, ಕೇಳಿದ್ದನ್ನು ಗಟ್ಟಿಯಾಗಿ ನಾಲ್ಕು ವಾಕ್ಯದಲ್ಲಿ ಹೇಳಿ. ತಂಗಿಯ ಮುಂದೆಯಾದರೂ ಸರಿ, ನಗಲಿ ಬಿಡಿ. ಜೊತೆಗೆ ಪದಗಳ ತುಂಡುಗಳನ್ನು ಕಲಿಯಿರಿ. 'ಐಟಿಸ್' ಎಂದರೆ ಉರಿಯೂತ, 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆಯುವುದು, 'ಹೆಪಾಟೊ' ಎಂದರೆ ಯಕೃತ್ತಿನದು, 'ನೆಫ್ರೊ' ಎಂದರೆ ಮೂತ್ರಪಿಂಡದ್ದು. ಇಂಥ ಐವತ್ತು ತುಂಡು ಗೊತ್ತಿದ್ದರೆ ನೂರಾರು ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಇದು ಪಾಠವನ್ನು ಮುಂಚೆಯೇ ಓದುವುದಲ್ಲ, ಪಾಠ ಕೇಳಲು ಕಿವಿ ತಯಾರು ಮಾಡಿಕೊಳ್ಳುವುದು.

ಉಳಿದ ಸಮಯದಲ್ಲಿ ಕಾಗದ ಪತ್ರದ ಕೆಲಸ ಮುಗಿಸಿ. ಆದಾಯ ಪ್ರಮಾಣಪತ್ರ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲದ ಅರ್ಜಿ, ಎಲ್ಲ ದಾಖಲೆಗಳ ಜೆರಾಕ್ಸ್. ಮೂಲ ಪ್ರತಿಗಳನ್ನು ಕಾಲೇಜಿಗೆ ಕೊಟ್ಟ ಮೇಲೆ ಬೇಕೆಂದಾಗ ಕೈಗೆ ಸಿಗುವುದಿಲ್ಲ. ಬಟ್ಟೆ ಒಗೆಯುವುದು, ಅನ್ನ ಬೇಯಿಸುವುದು ಕಲಿಯಿರಿ; ಗಂಡುಮಕ್ಕಳಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಚೆನ್ನಾಗಿ ನಿದ್ದೆ ಮಾಡಿ. ಅಬ್ಬಾ ಲೆಕ್ಕ ಬರೆದುಕೊಡು ಎಂದರೆ ಹೋಗಿ ಬರೆದುಕೊಡಿ. ನನಗೆ ಆ ಸಂಜೆಗಳು ಮತ್ತೆ ಸಿಗಲಿಲ್ಲ.

ನನ್ನ ಹತ್ತಿರ ಇದ್ದ ಎಲುಬುಗಳ ಹಾಫ್ ಸೆಟ್ಟನ್ನು ಇವತ್ತು ಟ್ರಸ್ಟ್ ಕಚೇರಿಗೆ ಒಪ್ಪಿಸಿದ್ದೇನೆ. ಕಾಲೇಜಿಗೆ ಸೇರಿದ ಮೇಲೆ, ಈಗಲ್ಲ, ರಿಜಿಸ್ಟರ್‌ನಲ್ಲಿ ಹೆಸರು ಬರೆದು ಒಯ್ಯಬಹುದು. ವರ್ಷ ಮುಗಿದ ಮೇಲೆ ಮುಂದಿನವರಿಗಾಗಿ ವಾಪಸ್ಸು ತಂದುಕೊಡಿ. ಪಾದದ ಒಂದು ಸಣ್ಣ ಎಲುಬು ಕಡಿಮೆ ಇದೆ, ಅದು ಕಳೆದದ್ದು ನನ್ನ ಕೈಯಲ್ಲೇ. ಉಳಿದದ್ದನ್ನು ಎಣಿಸಿ ತೆಗೆದುಕೊಳ್ಳಿ.